ಗೀರು ಬಿದ್ದ ನೆಗೆಟಿವ್‌ಗೆ ಫ್ಲೂಯಿಡ್ ಮೌಂಟಿಂಗ್: ಮನೆಯ ಸ್ಕ್ಯಾನರ್‌ನಲ್ಲೇ ಮಾಡುವ ಬಗೆ

"ಸರ್, ಮುತ್ಯಾನ ಕಾಲದ ನೆಗೆಟಿವ್ ಅದಾವ್ರಿ. ಸ್ಕ್ಯಾನ್ ಮಾಡಿದ್ರ ಬರೇ ಗೀರು ಕಾಣ್ತಾವ. ಏನ್ ಮಾಡೂದ್ರಿ?"

ಬಾಗಲಕೋಟೆಯ ನವನಗರದಲ್ಲಿ ಹಳೆಯ ಫಿಲ್ಮ್ ಸ್ಕ್ಯಾನ್ ಮಾಡುವ ನನಗೆ ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ವಿಜಯಪುರದವರು ಧೂಳಿನ ಗೋಳು ಹೇಳುತ್ತಾರೆ, ಬೆಳಗಾವಿಯವರು ಮಳೆಗಾಲದ ಬೂಷ್ಟಿನ ಗೋಳು ಹೇಳುತ್ತಾರೆ. ನಮ್ಮ ಊರಿನವರ ಸಂಕಟವೇ ಬೇರೆ. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು. ಆ ಮನೆ, ಆ ಕಟ್ಟೆ, ಆ ಪಡಸಾಲೆ ಈಗ ಉಳಿದಿರುವುದು ಕಬ್ಬಿಣದ ಟ್ರಂಕಿನೊಳಗಿನ ನೆಗೆಟಿವ್‌ಗಳಲ್ಲಿ ಮಾತ್ರ. ಅಂಥ ಫಿಲ್ಮಿನ ಮೇಲೆ ಗೀರು ಬಿದ್ದಿದೆ ಎಂದು ಕೈಬಿಡಲು ಮನಸ್ಸು ಬರುವುದಿಲ್ಲ.

ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಫ್ಲೂಯಿಡ್ ಮೌಂಟಿಂಗ್ ಅನ್ನುತ್ತಾರೆ, ನಾನು ಒದ್ದೆ ಸ್ಕ್ಯಾನ್ ಅಂತ ಕರೆಯುತ್ತೇನೆ. ಫಿಲ್ಮನ್ನು ಗಾಜಿಗೆ ಪಾರದರ್ಶಕ ದ್ರವದ ತೆಳು ಪದರದಿಂದ ಕೂರಿಸಿ, ಮೇಲೆ ತೆಳ್ಳನೆಯ ಪಾಲಿಯೆಸ್ಟರ್ ಹಾಳೆ ಹೊದಿಸಿ ಸ್ಕ್ಯಾನ್ ಮಾಡುವ ವಿಧಾನ ಇದು. ದೊಡ್ಡ ಮುದ್ರಣಾಲಯಗಳ ಡ್ರಮ್ ಸ್ಕ್ಯಾನರ್‌ಗಳಲ್ಲಿ ಇದು ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ. ಮನೆಯ ಫ್ಲಾಟ್‌ಬೆಡ್‌ನಲ್ಲೂ, ಅಂದರೆ ಚಪ್ಪಟೆ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡುವ ಯಂತ್ರದಲ್ಲೂ ಮಾಡಬಹುದು. ಆದರೆ ತಪ್ಪು ದ್ರವ ಹಾಕಿದರೆ ಫಿಲ್ಮೇ ಕರಗುತ್ತದೆ, ಆದ್ದರಿಂದ ದಯವಿಟ್ಟು ಪೂರ್ತಿ ಓದಿ ಆಮೇಲೆ ಬಾಟಲಿ ತೆರೆಯಿರಿ.

ಇದು ಕೆಲಸ ಮಾಡುವುದು ಹೇಗೆ

ಬಚ್ಚಲುಮನೆಯ ಕಿಟಕಿಗೆ ಹಾಕುವ ಮಬ್ಬು ಗಾಜಿನ ಒರಟು ಬದಿಗೆ ನೀರು ಹಚ್ಚಿ ನೋಡಿ. ನೀರು ತಾಗಿದ ಜಾಗದಲ್ಲಿ ಆಚೆ ಕಡೆಯದು ಕಾಣತೊಡಗುತ್ತದೆ. ಗಾಜಿನ ಒರಟುತನ ಎಲ್ಲಿಗೂ ಹೋಗಿಲ್ಲ, ಅದರ ತಗ್ಗುಗಳಲ್ಲಿ ನೀರು ತುಂಬಿದೆ ಅಷ್ಟೆ. ಗಾಳಿಗಿಂತ ನೀರು ಬೆಳಕನ್ನು ಬಾಗಿಸುವ ರೀತಿ ಗಾಜಿಗೆ ಹತ್ತಿರ.

ಫಿಲ್ಮಿನ ಗೀರೂ ಹಾಗೆಯೇ ಒಂದು ಸಣ್ಣ ತಗ್ಗು. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಗೆ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಗಾಳಿಯದು ಹೆಚ್ಚುಕಡಿಮೆ 1, ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲ್ಮಿನದು ಸುಮಾರು 1.48, ಕಿಟಕಿ ಗಾಜಿನದು ಸುಮಾರು 1.52. ನಾವು ಬಳಸುವ ದ್ರವಗಳದು 1.4ರಿಂದ 1.47ರ ಆಸುಪಾಸು. ತಗ್ಗಿನಲ್ಲಿ ಗಾಳಿಯ ಬದಲು ದ್ರವ ನಿಂತರೆ ಬೆಳಕು ಗೀರಿನಲ್ಲಿ ಚದುರದೆ ನೇರ ದಾಟುತ್ತದೆ, ಗೀರು ಕಣ್ಮರೆಯಾಗುತ್ತದೆ. ಜೊತೆಗೆ ಸುರುಳಿ ಸುತ್ತಿಕೊಂಡ ಫಿಲ್ಮ್ ಗಾಜಿಗೆ ಅಂಟಿ ಚಪ್ಪಟೆಯಾಗುವುದರಿಂದ ಮೂಲೆಗಳೂ ಚೂಪಾಗಿ ಬರುತ್ತವೆ. ನ್ಯೂಟನ್ ಉಂಗುರಗಳೂ ಬರುವುದಿಲ್ಲ. ಹೊಳಪು ಫಿಲ್ಮ್ ಗಾಜಿಗೆ ಅರೆಬರೆ ತಾಗಿದಾಗ ನಡುವಿನ ತೆಳು ಗಾಳಿಯಿಂದ ಮೂಡುವ ಬಣ್ಣಬಣ್ಣದ ವರ್ತುಲಗಳಿಗೆ ಆ ಹೆಸರು.

ಆಗದ್ದೂ ಇದೆ. ಚಿತ್ರ ಇರುವುದು ಫಿಲ್ಮಿನ ಮಂಕು ಬದಿಯ ಎಮಲ್ಷನ್ ಎಂಬ ಜಿಲೆಟಿನ್ ಪದರದಲ್ಲಿ. ಆ ಪದರವೇ ಕಿತ್ತು ಹೋಗಿದ್ದರೆ ಯಾವ ದ್ರವವೂ ಅದನ್ನು ತಂದುಕೊಡುವುದಿಲ್ಲ. ಗುರುತಿಸುವುದು ಸುಲಭ. ನೆಗೆಟಿವನ್ನು ಸ್ಕ್ಯಾನ್ ಮಾಡಿ ಪಾಸಿಟಿವ್ ಮಾಡಿದಾಗ ಗೀರು ಬಿಳಿಯಾಗಿ ಕಂಡರೆ ಬೆಳಕು ಚದುರಿದೆ ಎಂದರ್ಥ, ದ್ರವದಿಂದ ಬಹುಮಟ್ಟಿಗೆ ಹೋಗುತ್ತದೆ. ಕಪ್ಪಾಗಿ ಕಂಡರೆ ಎಮಲ್ಷನ್ ಹೋಗಿದೆ, ಒದ್ದೆ ಸ್ಕ್ಯಾನಿಗೆ ಸಮಯ ಹಾಕಬೇಡಿ. ಫಿಲ್ಮಿನಲ್ಲೇ ಚಿತ್ರ ನೇರವಾಗಿ ಕಾಣುವ ಸ್ಲೈಡ್ ಆಗಿದ್ದರೆ ಇದು ತಿರುವುಮುರುವು.

ಸ್ಕ್ಯಾನರ್‌ನ ಸಾಮರ್ಥ್ಯವೂ ಹೆಚ್ಚುವುದಿಲ್ಲ. ಡಬ್ಬಿಯ ಮೇಲೆ 6400 ಡಿಪಿಐ (ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಎಂಬ ಅಳತೆ) ಎಂದು ಬರೆದಿದ್ದರೂ ಎಪ್ಸನ್ ವಿ700 ವರ್ಗದ ಯಂತ್ರಗಳು ನಿಜವಾಗಿ ಬಿಡಿಸಿ ತೋರಿಸುವುದು ಸುಮಾರು 2300ರಷ್ಟು. ಹಾಗಾಗಿ ಈ ಶ್ರಮ ಹೆಚ್ಚು ಫಲ ಕೊಡುವುದು 120 ರೋಲಿನ ದೊಡ್ಡ ನೆಗೆಟಿವ್‌ಗಳಿಗೆ. ಅಗ್ಫಾ ಕ್ಲಿಕ್ ಥ್ರೀ, ಯಾಶಿಕಾ ಕ್ಯಾಮೆರಾಗಳಲ್ಲಿ ತೆಗೆದ ಚೌಕದ ನೆಗೆಟಿವ್‌ಗಳು ನಮ್ಮ ಕಡೆ ಮನೆಮನೆಯಲ್ಲಿವೆ. 35 ಎಂಎಂ ಫಿಲ್ಮಿನಲ್ಲಿ ಗೀರು ಹೋಗುತ್ತದೆ, ಆದರೆ ವಿವರ ಬಹಳ ಹೆಚ್ಚೇನೂ ಕಾಣುವುದಿಲ್ಲ.

ಒದ್ದೆ ಮಾಡಲೇಬಾರದ ಫಿಲ್ಮ್‌ಗಳು

ಈ ಭಾಗವನ್ನು ಅವಸರದಲ್ಲಿ ದಾಟಬೇಡಿ.

ಹಳೆಯ ಸ್ಟುಡಿಯೋ ಭಾವಚಿತ್ರಗಳಿಗೆ ಪೆನ್ಸಿಲ್ ಕೆಲಸ ಇರುತ್ತದೆ. ಆಗಿನ ರಿಟಚಿಂಗ್ ಕಲಾವಿದರು ನೆಗೆಟಿವ್ ಮೇಲೆ ರಾಳ ಬೆರೆತ ಒಂದು ತೆಳು ಲೇಪ ಹಚ್ಚಿ, ಅದರ ಮೇಲೆ ಚೂಪು ಪೆನ್ಸಿಲ್‌ನಿಂದ ಸಣ್ಣ ಸಣ್ಣ ಗೆರೆ ಎಳೆದು ಮುಖದ ಕಲೆ, ಸುಕ್ಕು ಮುಚ್ಚುತ್ತಿದ್ದರು. ಆ ಲೇಪ ನಾವು ಹಾಕುವ ದ್ರವದಲ್ಲಿ ಕರಗುತ್ತದೆ. ನನ್ನ ಕೈಯಿಂದಲೇ ಹೀಗಾಗಿದೆ. ಒಬ್ಬರ ತಾಯಿಯ ಭಾವಚಿತ್ರದ ನೆಗೆಟಿವನ್ನು ಸರಿಯಾಗಿ ನೋಡದೆ ಒದ್ದೆ ಮಾಡಿದೆ. ಪರದೆಯ ಮೇಲೆ ಚಿತ್ರ ಮೂಡಿದಾಗ ಕೆನ್ನೆಯ ತುಂಬ ಸಿಡುಬಿನ ಕುಳಿಗಳು. ಆ ತಾಯಿ ಮನೆಯ ಗೋಡೆಯ ಫೋಟೋದಲ್ಲಿ ನುಣುಪು ಮುಖದವರು. ಕಲಾವಿದ ಒಂದೊಂದೇ ಕುಳಿ ತುಂಬಿದ್ದ, ನಾನು ಅರೆ ನಿಮಿಷದಲ್ಲಿ ತೊಳೆದುಬಿಟ್ಟಿದ್ದೆ. ಮೊದಲೇ ಒಣ ಸ್ಕ್ಯಾನ್ ಮಾಡಿಟ್ಟಿದ್ದರಿಂದ ಅವರಿಗೆ ಕೊಡಲು ಆ ಮುಖ ಉಳಿದಿತ್ತು. ನೆಗೆಟಿವ್‌ನಲ್ಲಿ ಉಳಿಯಲಿಲ್ಲ.

ಆದ್ದರಿಂದ ಪ್ರತಿ ಭಾವಚಿತ್ರದ ನೆಗೆಟಿವನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುಖದ ಮೇಲೆ ಬೂದು ಹೊಳಪಿನ ಗೆರೆಗಳೋ, ಕೆಂಪು ಬಣ್ಣದ ಲೇಪವೋ ಕಂಡರೆ ಒಣ ಸ್ಕ್ಯಾನ್ ಮಾತ್ರ ಮಾಡಿ. ಅಂಚಿನಲ್ಲಿ ಪೆನ್ನಿನಿಂದ ಬರೆದ ನಂಬರ್ ಇದ್ದರೂ ಮೊದಲು ಬೇರೆ ಕಡೆ ಬರೆದುಕೊಳ್ಳಿ, ದ್ರವ ತಾಗಿದರೆ ಅಳಿಸಬಹುದು, ಶಾಯಿ ಹರಡಿ ಚಿತ್ರದೊಳಕ್ಕೂ ಬರಬಹುದು.

ಹುಳಿ ವಾಸನೆ ಹೊಡೆಯುವ ಫಿಲ್ಮ್ ಇನ್ನೊಂದು. ಅಸಿಟೇಟ್ ಕೊಳೆಯುವಾಗ ಶಿರ್ಕಾದಂಥ (ವಿನೆಗರ್‌ನಂಥ) ವಾಸನೆ ಬರುತ್ತದೆ, ಫಿಲ್ಮ್ ಕುಗ್ಗಿ ಮೇಲೆ ನೆರಿಗೆಗಳೇಳುತ್ತವೆ. ಅದನ್ನು ಗಾಜಿಗೆ ಒತ್ತಿದರೆ ಎಮಲ್ಷನ್ ಬಿರಿಯುತ್ತದೆ. ಬೆಳಗಾವಿ, ಖಾನಾಪುರದ ಮಳೆಯಲ್ಲಿ ಬೂಷ್ಟು ಹಿಡಿದ ನೆಗೆಟಿವ್‌ಗಳಲ್ಲಿ ಜಿಲೆಟಿನ್ ಮೆತ್ತಗಾಗಿರುತ್ತದೆ, ಅವನ್ನು ಉಜ್ಜಬೇಡಿ, ಒತ್ತಬೇಡಿ, ನೀರಂತೂ ತಾಗಿಸಲೇಬೇಡಿ.

ಕೊನೆಯದು ನೈಟ್ರೇಟ್ ಫಿಲ್ಮ್. ಬೇಗ ಹೊತ್ತಿಕೊಳ್ಳುವ, ಒಮ್ಮೆ ಹೊತ್ತಿದರೆ ನೀರಿಗೂ ಆರದ ಹಳೆಯ ಫಿಲ್ಮ್ ಅದು. ಕೊಡಕ್ ಕಂಪನಿ ಅದರ ತಯಾರಿಕೆ ನಿಲ್ಲಿಸಿದ್ದು 1951ರಲ್ಲಿ. ಫಿಲ್ಮಿನ ಅಂಚಿನಲ್ಲಿ 'ಸೇಫ್ಟಿ' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ನೈಟ್ರೇಟ್ ಅಲ್ಲ, ಸಾಮಾನ್ಯವಾಗಿ ಅಸಿಟೇಟ್. 1951ಕ್ಕೂ ಹಿಂದಿನ ಕಾಲದ ಫಿಲ್ಮ್ ಆಗಿದ್ದು ಆ ಅಕ್ಷರಗಳಿಲ್ಲದಿದ್ದರೆ ಅನುಮಾನದಲ್ಲಿ ಮುಂದುವರಿಯಬೇಡಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮ್ ನೈಟ್ರೇಟ್ ಕಾಲದ ನಂತರದ್ದು, ಅದರ ಬಗ್ಗೆ ಈ ಭಯ ಬೇಡ.

ಬೇಕಾದ ಸಾಮಾನು

ಸ್ಕ್ಯಾನರ್‌ನ ಮುಚ್ಚಳದಲ್ಲಿ ಬೆಳಕಿನ ಘಟಕ ಇರಬೇಕು. ಎಪ್ಸನ್ ವಿ600, ವಿ700, ವಿ750, ವಿ800, ವಿ850 ಇಂಥವು. ಆಫೀಸಿನ ಝೆರಾಕ್ಸ್-ಪ್ರಿಂಟರ್-ಸ್ಕ್ಯಾನರ್ ಮೂರೂ ಒಂದಾಗಿರುವ ಯಂತ್ರದಲ್ಲಿ ಫಿಲ್ಮ್ ಸ್ಕ್ಯಾನ್ ಆಗುವುದಿಲ್ಲ, ಅದರಲ್ಲಿ ಬೆಳಕು ಕೆಳಗಿನಿಂದ ಮಾತ್ರ.

ಗಾಜು: ಫೋಟೋ ಫ್ರೇಮ್ ಹಾಕುವ ಅಂಗಡಿಯಲ್ಲಿ 2 ಅಥವಾ 3 ಎಂಎಂ ದಪ್ಪದ ಸಾದಾ ಗಾಜಿನ ತುಂಡು ಕತ್ತರಿಸಿ ಕೊಡುತ್ತಾರೆ. ಗುಳ್ಳೆ, ಗೀರು ಇಲ್ಲದ್ದನ್ನು ನೋಡಿ ಆರಿಸಿ. ಅಂಚು ಉಜ್ಜಿಸಿಕೊಳ್ಳುವುದನ್ನು ಮರೆಯಬೇಡಿ, ಒದ್ದೆ ಕೈಯಲ್ಲಿ ಹರಿತ ಗಾಜು ಹಿಡಿಯುವ ಕೆಲಸ ಇದು.

ಹೊದಿಸುವ ಹಾಳೆ: 50ರಿಂದ 100 ಮೈಕ್ರಾನ್ ದಪ್ಪದ ಸಾದಾ ಪಾಲಿಯೆಸ್ಟರ್. ಮೈಲಾರ್ ಎಂದು ಕರೆಯುವುದು ಇದನ್ನೇ. ಸ್ಕ್ರೀನ್ ಪ್ರಿಂಟಿಂಗ್ ಸಾಮಾನು ಮಾರುವಲ್ಲಿ ಕೇಳಿ. ಸ್ಪೈರಲ್ ಬೈಂಡಿಂಗ್‌ಗೆ ಹಾಕುವ ಪಾರದರ್ಶಕ ಹೊದಿಕೆ ಬೇಡ, ಅದು ಬಹುತೇಕ ಪಿವಿಸಿ. ಇಂಕ್‌ಜೆಟ್ ಪ್ರಿಂಟರ್‌ಗೆಂದು ಮಾಡಿದ ಹಾಳೆಯ ಒಂದು ಬದಿಗೆ ಲೇಪ ಇರುತ್ತದೆ, ಅದೂ ಬೇಡ.

ಉಳಿದದ್ದು: ಗಾಜಿನ ಡ್ರಾಪರ್, ನೂಲು ಬಿಡದ ಮೆತ್ತನೆ ಬಟ್ಟೆ, ಗಾಳಿ ಊದುವ ರಬ್ಬರ್ ಬಲ್ಬ್, ನೈಟ್ರೈಲ್ ಕೈಗವಸು, ಟೇಪು, ಹಳೆಯ ವಿಸಿಟಿಂಗ್ ಕಾರ್ಡುಗಳು. ಬಾಯಿಂದ ಊದಬೇಡಿ, ಎಂಜಲಿನ ಹನಿ ಎಮಲ್ಷನ್ ಮೇಲೆ ಕಲೆ ಬಿಡುತ್ತದೆ.

ಯಾವ ದ್ರವ?

ಜನ ಎಡವುವುದು ಇಲ್ಲೇ ಹೆಚ್ಚು. ಇದಕ್ಕೆಂದೇ ತಯಾರಾದ ಕಾಮಿ, ಲುಮಿನಾ ಮುಂತಾದ ದ್ರವಗಳು ಹೊರದೇಶದಲ್ಲಿ ಸಿಗುತ್ತವೆ. ನಮಗೆ ಎಟುಕುವುದು ತೈಲಚಿತ್ರ ಬರೆಯುವ ಕಲಾವಿದರು ಬಳಸುವ ವಾಸನೆರಹಿತ ಮಿನರಲ್ ಸ್ಪಿರಿಟ್. ಕಲಾಸಾಮಗ್ರಿ ಅಂಗಡಿಯಲ್ಲಿ ಕೇಳಿ, ಇಲ್ಲವೇ ತರಿಸಿಕೊಳ್ಳಿ. ನಾನು ಹೊಸಬರಿಗೆ ಹೇಳುವುದು ಇದೊಂದನ್ನೇ. ಬೇಗ ಆರುವುದಿಲ್ಲ, ಅಂಟು ಉಳಿಸುವುದಿಲ್ಲ, ಅಸಿಟೇಟ್‌ಗೂ ಜಿಲೆಟಿನ್‌ಗೂ ತೊಂದರೆ ಕೊಡುವುದಿಲ್ಲ.

ಬಣ್ಣದ ಅಂಗಡಿಗೆ ಹೋಗಿ "ಥಿನ್ನರ್ ಕೊಡ್ರಿ" ಎಂದರೆ ಗಾಡಿಗೆ ಪೇಂಟ್ ಹೊಡೆಯುವ ಎನ್‌ಸಿ ಥಿನ್ನರ್ ಕೈಗಿಡುತ್ತಾರೆ. ಅದರಲ್ಲಿ ಅಸಿಟೋನಿನಂಥ ತೀವ್ರ ದ್ರಾವಕಗಳಿರುತ್ತವೆ. ಅಸಿಟೋನ್ ಅಸಿಟೇಟ್ ಫಿಲ್ಮನ್ನು ನಿಮ್ಮ ಕಣ್ಣೆದುರೇ ಅಂಟಂಟು ಮುದ್ದೆ ಮಾಡುತ್ತದೆ. ಉಗುರುಬಣ್ಣ ತೆಗೆಯುವ ದ್ರವವೂ ಅದೇ ಜಾತಿ. ಟರ್ಪಂಟೈನ್ ಆರಿದ ಮೇಲೆ ಅಂಟು ಉಳಿಸುತ್ತದೆ. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ, ರೇಷನ್ನಿನ ಸೀಮೆಎಣ್ಣೆಗಂತೂ ನೀಲಿ ಬಣ್ಣ ಬೆರೆಸಿರುತ್ತಾರೆ. ಆಸ್ಪತ್ರೆಯ ಸ್ಪಿರಿಟ್‌ನಲ್ಲಿ ನೀರಿರುತ್ತದೆ, ನೀರು ತಾಗಿದರೆ ಜಿಲೆಟಿನ್ ಉಬ್ಬುತ್ತದೆ. ಪೆಟ್ರೋಲ್ ಮನೆಯೊಳಗೇ ತರಬೇಡಿ. ಸಿಗರೇಟ್ ಲೈಟರಿನ ದ್ರವ ಚಿತ್ರಕ್ಕೆ ಒಳ್ಳೆಯದೇ, ಆದರೆ ನಮ್ಮ ಸೆಕೆಗೆ ಸ್ಕ್ಯಾನ್ ಮುಗಿಯುವ ಮೊದಲೇ ಆರುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಗ್ಗೆ ಹಲವರು ಕೇಳುತ್ತಾರೆ. ಸೂಚ್ಯಂಕ ಚೆನ್ನಾಗಿ ಹೊಂದುತ್ತದೆ, ಬೆಂಕಿಯ ಭಯ ಕಡಿಮೆ. ಆದರೆ ಅದು ಮಂದ, ಗುಳ್ಳೆ ಬಿಡಿಸುವುದು ಕಷ್ಟ, ಆಮೇಲೆ ಫಿಲ್ಮಿನಿಂದ ಎಣ್ಣೆ ತೆಗೆಯುವುದು ಇನ್ನೂ ಕಷ್ಟ.

ಬಾಟಲಿಯ ಮೇಲೆ ಫ್ಲ್ಯಾಶ್ ಪಾಯಿಂಟ್ ಎಂದು ಬರೆದಿರುತ್ತದೆ ನೋಡಿ. ಎಷ್ಟು ಉಷ್ಣಾಂಶದಲ್ಲಿ ಅದರ ಆವಿ ಕಿಡಿ ತಾಗಿ ಹೊತ್ತಿಕೊಳ್ಳಬಲ್ಲದು ಎಂಬ ಅಂಕಿ ಅದು. ಸಾಮಾನ್ಯ ಮಿನರಲ್ ಸ್ಪಿರಿಟ್‌ನದು 40 ಡಿಗ್ರಿ ಸೆಲ್ಸಿಯಸ್ ಹತ್ತಿರ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಹೊರಗಿನ ಬಿಸಿಲೇ 40 ಮುಟ್ಟುತ್ತದೆ. ಆದ್ದರಿಂದ 60 ಡಿಗ್ರಿಗಿಂತ ಹೆಚ್ಚಿನದನ್ನೇ ಕೊಳ್ಳಿ.

ತಂದ ದ್ರವವನ್ನು ನೇರ ಬಳಸಬೇಡಿ. ಶುಭ್ರ ಗಾಜಿನ ಮೇಲೆ ಒಂದು ಹನಿ ಬಿಟ್ಟು ಪೂರ್ತಿ ಆರಲು ಬಿಡಿ. ಉಂಗುರದ ಕಲೆ ಉಳಿದರೆ ಆ ಬಾಟಲಿ ಈ ಕೆಲಸಕ್ಕಲ್ಲ. ಆಮೇಲೆ ರೋಲಿನ ತುದಿಯ ಚಿತ್ರವಿಲ್ಲದ ತುಂಡನ್ನು ಅರ್ಧ ಗಂಟೆ ಅದರಲ್ಲಿ ಮುಳುಗಿಸಿಡಿ. ಬಾಗಿದರೆ, ಮೆತ್ತಗಾದರೆ, ಮಬ್ಬಾದರೆ ಅಲ್ಲಿಗೇ ನಿಲ್ಲಿಸಿ.

ಹಂತ 1: ಮೊದಲು ಒಣ ಸ್ಕ್ಯಾನ್

ಯಾವ ಫಿಲ್ಮೇ ಇರಲಿ, ಮೊದಲು ಮಾಮೂಲಿ ಹೋಲ್ಡರಿನಲ್ಲಿಟ್ಟು ಚೆನ್ನಾಗಿ ಸ್ಕ್ಯಾನ್ ಮಾಡಿ, ಎರಡು ಕಡೆ ಉಳಿಸಿ. ಇದಕ್ಕೆ ವಿನಾಯಿತಿ ಇಲ್ಲ. ಆ ತಾಯಿಯ ಮುಖ ಉಳಿದದ್ದು ಇದರಿಂದ. ಜೊತೆಗೆ ಒಣ ಸ್ಕ್ಯಾನ್ ನೋಡಿದರೆ ಒದ್ದೆ ಸ್ಕ್ಯಾನ್ ಬೇಕೇ ಬೇಡವೇ ಎಂದೂ ತಿಳಿಯುತ್ತದೆ. ಹತ್ತರಲ್ಲಿ ಎಂಟಕ್ಕೆ ಬೇಕಾಗುವುದಿಲ್ಲ ಎಂಬುದು ನನ್ನ ಅನುಭವ.

ಹಂತ 2: ಗಾಜಿನ ಎತ್ತರ ಹೊಂದಿಸುವುದು

ನಾವು ಸ್ಕ್ಯಾನರ್‌ನ ಸ್ವಂತ ಗಾಜಿನ ಮೇಲೆ ದ್ರವ ಹಾಕುವುದಿಲ್ಲ. ಹಾಕಿದರೆ ಅಂಚಿನಿಂದ ಒಳಗೆ ಇಳಿದು ಗಾಜಿನ ಕೆಳಬದಿಗೆ ಮಬ್ಬು ಕಟ್ಟುತ್ತದೆ, ಬಿಚ್ಚಿ ಒರೆಸದೆ ಹೋಗುವುದಿಲ್ಲ. ಪ್ರತ್ಯೇಕ ಗಾಜಿನ ಕೆಳಬದಿಗೆ ಫಿಲ್ಮ್ ಅಂಟಿಸಿ, ಆ ಗಾಜನ್ನು ನಾಲ್ಕು ಮೂಲೆಯಲ್ಲಿ ಕಾರ್ಡಿನ ಕಾಲುಗಳ ಮೇಲೆ ನಿಲ್ಲಿಸುತ್ತೇವೆ. ಆಗ ಮಸೂರಕ್ಕೂ ಫಿಲ್ಮಿಗೂ ನಡುವೆ ಆ ದಪ್ಪ ಗಾಜು ಬರುವುದೇ ಇಲ್ಲ.

ವಿ700ರಿಂದ ವಿ850ರವರೆಗಿನ ಯಂತ್ರಗಳಲ್ಲಿ ಎರಡು ಮಸೂರಗಳಿವೆ. ಒಂದು ಸ್ಕ್ಯಾನರ್ ಗಾಜಿನ ಮೇಲ್ಮೈಗೆ ಫೋಕಸ್ ಆಗುತ್ತದೆ, ಇನ್ನೊಂದು, ಅಂದರೆ ಹೆಚ್ಚು ಚೂಪಾದದ್ದು, ಸುಮಾರು 3 ಎಂಎಂ ಮೇಲಕ್ಕೆ. ಎಪ್ಸನ್ ತಂತ್ರಾಂಶದಲ್ಲಿ 'ಫಿಲ್ಮ್ ಹೋಲ್ಡರ್' ಆಯ್ಕೆ ಮಾಡಿದರೆ ಈ ಎರಡನೆಯದು ಕೆಲಸ ಮಾಡುತ್ತದೆ. 'ಫಿಲ್ಮ್ ಏರಿಯಾ ಗೈಡ್' ಆಯ್ಕೆ ಮಾಡಿದರೆ ಮೊದಲನೆಯದು. ಇದನ್ನು ತಪ್ಪಿಸಿಕೊಂಡು ಚಿತ್ರ ಮಸುಕು ಬಂತೆಂದು ದ್ರವವನ್ನು ದೂರುವವರು ಬಹಳ.

ಬೇಡದ ನೆಗೆಟಿವ್ ಒಂದನ್ನು ಗಾಜಿನ ಕೆಳಬದಿಗೆ ಒಣದಾಗಿಯೇ ಟೇಪು ಹಚ್ಚಿ, ಕಾರ್ಡುಗಳನ್ನು ಒಂದೊಂದೇ ಏರಿಸುತ್ತ 2.5, 3, 3.5 ಎಂಎಂ ಹೀಗೆ ಮೂರ್ನಾಲ್ಕು ಎತ್ತರದಲ್ಲಿ ಸ್ಕ್ಯಾನ್ ಮಾಡಿ. ಪರದೆಯಲ್ಲಿ ದೊಡ್ಡದು ಮಾಡಿ ಯಾವುದರಲ್ಲಿ ಫಿಲ್ಮಿನ ಕಾಳು (ಗ್ರೇನ್) ಸ್ಪಷ್ಟ ಎಂದು ನೋಡಿ. ಒಂದೇ ಮಾದರಿಯ ಎರಡು ಯಂತ್ರಗಳಲ್ಲೂ ಇದು ಬೇರೆಯಾಗಬಹುದು. ಒಮ್ಮೆ ಸಿಕ್ಕಿತೆಂದರೆ ಕಾರ್ಡುಗಳನ್ನು ಗಾಜಿಗೇ ಅಂಟಿಸಿಬಿಡಿ.

ಸ್ಕ್ಯಾನರ್ ಗಾಜಿನ ಮೇಲ್ತುದಿಯಲ್ಲಿ ಒಂದು ಪಟ್ಟಿಯಷ್ಟು ಜಾಗವನ್ನು ಖಾಲಿ ಬಿಡಬೇಕು. ಯಂತ್ರ ಪ್ರತಿ ಸಲ ಅಲ್ಲಿಯ ಬೆಳಕನ್ನು ಅಳೆದುಕೊಳ್ಳುತ್ತದೆ. ಕಂಪನಿಯ ಹೋಲ್ಡರಿನಲ್ಲಿ ಆ ಜಾಗಕ್ಕೆ ಸರಿಯಾಗಿ ಸೀಳು ಬಿಟ್ಟಿರುತ್ತಾರೆ. ನಿಮ್ಮ ಗಾಜೋ ಟೇಪೋ ಅಲ್ಲಿ ಬಂದರೆ ಚಿತ್ರದುದ್ದಕ್ಕೂ ಗೆರೆಗಳು ಬೀಳುತ್ತವೆ.

ಹಂತ 3: ಕೋಣೆ

ಬೆಳಿಗ್ಗೆ ಬೇಗ ಮಾಡಿ. ತಂಪಿರುತ್ತದೆ, ದ್ರವ ಬೇಗ ಆರುವುದಿಲ್ಲ, ಬೀದಿಯ ಧೂಳೂ ಎದ್ದಿರುವುದಿಲ್ಲ. ನೆಲ, ಮೇಜು ಹಸಿ ಬಟ್ಟೆಯಲ್ಲಿ ಒರೆಸಿ. ಕಿಟಕಿ ತೆರೆದಿರಲಿ, ಫ್ಯಾನ್ ಬೇಡ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಸೊಳ್ಳೆಬತ್ತಿ ಯಾವುದೂ ಆ ಕೋಣೆಯಲ್ಲಿ ಉರಿಯುತ್ತಿರಬಾರದು. ಮಕ್ಕಳು ಒಳಗೆ ಬರಬಾರದು. ಒಣ ಹವೆಯಲ್ಲಿ ಫಿಲ್ಮಿಗೆ ಸ್ಥಾಯಿ ವಿದ್ಯುತ್ ಹಿಡಿದು ಧೂಳನ್ನು ಎಳೆಯುತ್ತದೆ, ಬಟ್ಟೆಯಿಂದ ಉಜ್ಜಿದಷ್ಟೂ ಹೆಚ್ಚು. ಉಜ್ಜುವ ಬದಲು ಬಲ್ಬಿನಿಂದ ಗಾಳಿ ಊದಿ.

ಹಂತ 4: ಅಂಟಿಸುವುದು

ಗಾಜನ್ನು ಕಾರ್ಡಿನ ಕಾಲುಗಳು ಮೇಲೆ ಬರುವಂತೆ ಮಗುಚಿ ಹಳೆ ಪೇಪರ್ ಮೇಲಿಡಿ. ಪಾಲಿಯೆಸ್ಟರ್ ಹಾಳೆಯನ್ನು ಫಿಲ್ಮಿಗಿಂತ ಎಲ್ಲ ಬದಿಗೂ ಎರಡು ಬೆರಳು ಹೆಚ್ಚು ಇರುವಂತೆ ಕತ್ತರಿಸಿ, ಒಂದು ಅಂಚನ್ನು ಮಾತ್ರ ಗಾಜಿಗೆ ಟೇಪು ಹಚ್ಚಿ. ಪುಸ್ತಕದ ಹೊದಿಕೆಯಂತೆ ತೆರೆದು ಮುಚ್ಚುವಂತಿರಬೇಕು. ಟೇಪಿನ ಅಂಟು ದ್ರವದಲ್ಲಿ ಕರಗಿ ಫಿಲ್ಮಿಗೆ ಹರಿಯಬಹುದು, ಆದ್ದರಿಂದ ಟೇಪು ಫಿಲ್ಮಿನಿಂದ ದೂರ ಇರಲಿ.

ಫಿಲ್ಮಿನ ಬದಿ ಗುರುತಿಸಿ. ಅಂಚಿನ ಅಕ್ಷರಗಳು ಸರಿಯಾಗಿ ಓದಲು ಬರುವಾಗ ನಿಮ್ಮ ಕಡೆ ಇರುವುದು ಹೊಳಪು ಬದಿ. ಆ ಹೊಳಪು ಬದಿ ಗಾಜಿಗೆ, ಮಂಕು ಬದಿ ಹಾಳೆಯ ಕಡೆಗೆ. ಸ್ಕ್ಯಾನ್ ಕನ್ನಡಿಯಂತೆ ತಿರುಗಿ ಬರುತ್ತದೆ, ಕಂಪ್ಯೂಟರಿನಲ್ಲಿ ತಿರುಗಿಸಬೇಕು. ಮರೆತರೆ ಅಂಗಡಿಯ ಬೋರ್ಡು ಉಲ್ಟಾ ಓದುವುದಷ್ಟೇ ಅಲ್ಲ, ಸೀರೆಯ ಸೆರಗೂ ತಪ್ಪು ಹೆಗಲಿಗೆ ಹೋಗುತ್ತದೆ.

ಈಗ ಗಾಜಿನ ನಡುವೆ ಎಂಟು ಹತ್ತು ಹನಿ ದ್ರವ ಬಿಡಿ. ಫಿಲ್ಮಿನ ಒಂದು ಅಂಚನ್ನು ಮೊದಲು ತಾಗಿಸಿ, ಓರೆಯಾಗಿ ಹಿಡಿದು ನಿಧಾನ ಇಳಿಸುತ್ತ ಬನ್ನಿ. ದ್ರವದ ಅಲೆ ಫಿಲ್ಮಿನ ಮುಂದೆ ಮುಂದೆ ಓಡುತ್ತ ಗಾಳಿಯನ್ನು ತಳ್ಳಿಕೊಂಡು ಹೋಗುವುದು ಕಣ್ಣಿಗೆ ಕಾಣುತ್ತದೆ. ಅವಸರ ಮಾಡಿದರೆ ಅಲೆ ಒಡೆದು ಗುಳ್ಳೆ ಒಳಗೆ ಸಿಕ್ಕಿಕೊಳ್ಳುತ್ತದೆ. ಫಿಲ್ಮಿನ ಮೇಲೆ ಮತ್ತೆ ಅಷ್ಟೇ ಹನಿ ಬಿಟ್ಟು, ಹಾಳೆಯನ್ನು ಟೇಪು ಹಚ್ಚಿದ ಕಡೆಯಿಂದ ಅದೇ ಬಗೆಯಲ್ಲಿ ಇಳಿಸಿ. ಮಡಚಿದ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಹಗುರಾಗಿ ಸವರಿ. ಒತ್ತಬಾರದು, ಒತ್ತಿದರೆ ದ್ರವವೆಲ್ಲ ಹೊರಗೆ ಬಂದು ಗೀರು ಮತ್ತೆ ಒಣಗುತ್ತದೆ.

ಗಾಜನ್ನು ಎತ್ತಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಗುಳ್ಳೆಗಳು ಕಪ್ಪು ಅಂಚಿನ ಸಣ್ಣ ಉಂಗುರಗಳಾಗಿ ಹೊಳೆಯುತ್ತವೆ. ಅಂಚಿನ ಹತ್ತಿರದವನ್ನು ಸವರಿ ಹೊರಗೆ ತಳ್ಳಬಹುದು. ನಡುವೆ ಮುಖದ ಮೇಲೇ ಇದ್ದರೆ ಹಾಳೆ ಎತ್ತಿ ಇನ್ನೆರಡು ಹನಿ ಬಿಟ್ಟು ಮತ್ತೆ ಇಳಿಸಿ. ಮೊದಲ ಸಲ ನಾಲ್ಕೈದು ಬಾರಿ ಮಾಡಬೇಕಾಗುತ್ತದೆ, ಬೇಸರ ಬೇಡ, ಹತ್ತು ನೆಗೆಟಿವ್ ಆಗುವಷ್ಟರಲ್ಲಿ ಕೈ ಹಿಡಿತಕ್ಕೆ ಬರುತ್ತದೆ.

ಹಾಳೆಯ ಉಳಿದ ಮೂರು ಅಂಚಿನ ಹೊರಗೆ ಹರಿದ ದ್ರವವನ್ನು ಪೂರ್ತಿ ಒರೆಸಿ, ಆಮೇಲೆ ಟೇಪು ಹಚ್ಚಿ. ಒದ್ದೆ ಗಾಜಿಗೆ ಟೇಪು ನಿಲ್ಲುವುದಿಲ್ಲ. ಗಾಜನ್ನು ಮಗುಚಿ, ಅರ್ಧ ನಿಮಿಷ ಬಿಳಿ ಕಾಗದದ ಮೇಲೆ ಎತ್ತಿ ಹಿಡಿಯಿರಿ. ಒಂದು ಹನಿ ಬಿದ್ದರೂ ಸ್ಕ್ಯಾನರ್ ಮೇಲಿಡಬೇಡಿ.

ಹಂತ 5: ಸ್ಕ್ಯಾನ್

ಕಪ್ಪು-ಬಿಳುಪಿಗೆ 16 ಬಿಟ್ ಗ್ರೇಸ್ಕೇಲ್, ಬಣ್ಣಕ್ಕೆ 48 ಬಿಟ್. ಶಾರ್ಪನಿಂಗ್, ಆಟೋ ಎಕ್ಸ್‌ಪೋಷರ್, ಧೂಳು ತೆಗೆಯುವ ಆಯ್ಕೆಗಳು ಎಲ್ಲ ಬಂದ್. ಡಿಜಿಟಲ್ ಐಸ್ ಎಂಬ ಧೂಳು ತೆಗೆಯುವ ವ್ಯವಸ್ಥೆ ಅವಕೆಂಪು ಬೆಳಕಿನಿಂದ ನಡೆಯುತ್ತದೆ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿ ಆ ಬೆಳಕನ್ನೂ ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ತಿಳಿದು ಕೆಡಿಸುತ್ತದೆ. ಬಣ್ಣದ ನೆಗೆಟಿವ್‌ಗೆ ಬೇಕಾದರೆ ಬಳಸಿ.

3200 ಡಿಪಿಐ ಸಾಕು. ಕ್ಲಿಕ್ ಥ್ರೀಯ ಚೌಕ ನೆಗೆಟಿವ್‌ನ ಚಿತ್ರ ಹೆಚ್ಚುಕಡಿಮೆ 56 ಎಂಎಂ. ಅದು 3200ರಲ್ಲಿ ಪ್ರತಿ ಬದಿಗೆ ಸುಮಾರು 7000 ಪಿಕ್ಸೆಲ್ ಆಗುತ್ತದೆ, ಕಪ್ಪು-ಬಿಳುಪು ಟಿಫ್ ಫೈಲ್ ಸುಮಾರು 100 ಎಂಬಿ. 6400 ಹಾಕಿದರೆ ಫೈಲ್ ನಾಲ್ಕು ಪಟ್ಟು, ಸಮಯವೂ ಹೆಚ್ಚು, ಅಷ್ಟರಲ್ಲಿ ದ್ರವ ಅಂಚಿನಿಂದ ಆರತೊಡಗುತ್ತದೆ. ಪ್ರಿವ್ಯೂನಲ್ಲಿ ಅಂಚಿನ ಕಡೆ ಎಲೆಯ ನರಗಳಂಥ ಗೆರೆ ಕಂಡರೆ ಅದು ಆರಿದ ಗುರುತು, ತೆಗೆದು ಮತ್ತೆ ಅಂಟಿಸಿ.

ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಯಾವ ಛಾಯೆ ಎಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಎರಡು ತುದಿಯಲ್ಲೂ ಸ್ವಲ್ಪ ಜಾಗ ಬಿಡಿ. ಒದ್ದೆ ಸ್ಕ್ಯಾನಿನಲ್ಲಿ ಚದುರುವ ಬೆಳಕು ಕಡಿಮೆಯಾಗಿ ಕಪ್ಪು ಆಳವಾಗುತ್ತದೆ, ಒಣ ಸ್ಕ್ಯಾನಿನ ಅಂಕಿಗಳನ್ನೇ ಇಟ್ಟರೆ ವಿವರ ಕತ್ತರಿಸಿ ಹೋಗಬಹುದು.

ಹಂತ 6: ಬಿಡಿಸುವುದು, ಆರಿಸುವುದು

ಹಾಳೆಯನ್ನು ಒಂದು ಮೂಲೆಯಿಂದ ಹಿಂದಕ್ಕೆ ಮಡಚುತ್ತ ನಿಧಾನ ಎತ್ತಿ. ಫಿಲ್ಮನ್ನು ಅಂಚು ಹಿಡಿದು ಎತ್ತಿ, ಗಾಜಿನ ಮೇಲೆ ಎಳೆಯಬೇಡಿ, ನಡುವೆ ಒಂದು ಧೂಳಿನ ಕಣ ಇದ್ದರೂ ಹೊಸ ಗೀರು. ಒರೆಸಬೇಡಿ. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಧೂಳಿಲ್ಲದ ಕಡೆ ತೂಗುಹಾಕಿ. ಒಂದೆರಡು ಗಂಟೆಯಲ್ಲಿ ಒಣಗಿದಂತೆ ಕಂಡರೂ ರಾತ್ರಿಯಿಡೀ ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಪಾಲಿಪ್ರೊಪಿಲೀನ್ ಜೇಬಿಗೋ ಆಮ್ಲರಹಿತ ಕಾಗದದ ಲಕೋಟೆಗೋ ಹಾಕಿ. ಹಳೆ ಆಲ್ಬಮ್ಮಿನ ಪಿವಿಸಿ ಜೇಬಿಗೆ ಮರಳಿ ತುರುಕಬೇಡಿ.

ದ್ರವ ಹೀರಿದ ಬಟ್ಟೆ, ಪೇಪರನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅಂಗಳದಲ್ಲಿ ಬಿಡಿಸಿ ಹರವಿ ಆರಿಸಿ, ಆಮೇಲೆ ಹಾಕಿ. ಉಳಿದ ದ್ರವವನ್ನು ಬಚ್ಚಲಿಗೆ ಸುರಿಯುವುದೂ ಬೇಡ, ಮುಚ್ಚಳ ಬಿಗಿದು ಇಟ್ಟುಕೊಳ್ಳಿ.

ಹಂತ 7: ಹೋಲಿಸುವುದು, ಹೆಸರಿಡುವುದು

ಒಣ, ಒದ್ದೆ ಎರಡೂ ಸ್ಕ್ಯಾನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೇ ಜಾಗವನ್ನು ದೊಡ್ಡದು ಮಾಡಿ ನೋಡಿ. ಹೋದ ತಿಂಗಳು ನಾನು ಮಾಡಿದ ಒಂದರಲ್ಲಿ ಮನೆಯ ಕಟ್ಟೆಯ ಮೇಲೆ ಇಳಕಲ್ ಸೀರೆ ಉಟ್ಟ ಅಜ್ಜಿ ಕೂತಿದ್ದಾರೆ. ಒಣ ಸ್ಕ್ಯಾನಿನಲ್ಲಿ ಸೆರಗಿನ ಮೇಲೆಲ್ಲ ಬಿಳಿ ಗೀರು, ನೇಯ್ಗೆಯ ಗೆರೆ ಯಾವುದು, ಗೀರು ಯಾವುದು ತಿಳಿಯುತ್ತಿರಲಿಲ್ಲ. ಒದ್ದೆ ಸ್ಕ್ಯಾನಿನಲ್ಲಿ ಸೆರಗಿನ ಟೋಪ ತೆನಿ ವಿನ್ಯಾಸದ ಗೋಪುರಗಳು ಒಂದೊಂದಾಗಿ ಎಣಿಸಲು ಬಂದವು. ಹಿಂದಿನ ಗೋಡೆಯಲ್ಲಿ ದೀಪದ ಗೂಡು, ಅದರ ಮೇಲಿನ ಮಸಿಯೂ ಕಂಡಿತು. ಅಜ್ಜಿಯ ಗಲ್ಲದ ಹತ್ತಿರ ಒಂದು ಕಪ್ಪು ಗೆರೆ ಹಾಗೇ ಉಳಿದಿದೆ, ಅಲ್ಲಿ ಎಮಲ್ಷನ್ ಇಲ್ಲ. ಅಂಥದ್ದನ್ನು ಪ್ರತಿಯಲ್ಲಿ ಮಾತ್ರ ಕಂಪ್ಯೂಟರಿನಿಂದ ತಿದ್ದಿ, ಮೂಲ ಟಿಫ್ ಫೈಲನ್ನು ಮುಟ್ಟಬೇಡಿ.

ಫೈಲಿಗೆ ಸ್ಕ್ಯಾನರ್ ಕೊಟ್ಟ ನಂಬರ್ ಬಿಟ್ಟು ಊರು, ಓಣಿ, ಯಾರ ಮನೆ, ಗೊತ್ತಿದ್ದರೆ ಇಸವಿ, ಒಣವೋ ಒದ್ದೆಯೋ ಇಷ್ಟು ಸೇರಿಸಿ ಹೆಸರಿಡಿ. ನಮ್ಮ ಊರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನೀರಿನಡಿ ಹೋದ ಓಣಿಗೆ ಹೋಗಿ ಇದು ಯಾವ ಮನೆ ಎಂದು ಹೊಂದಿಸಿ ನೋಡುವ ಹಾಗಿಲ್ಲ. ಆ ಅಜ್ಜಿಯ ಚಿತ್ರವನ್ನು ಅವರ ಮನೆಯ ಹಿರಿಯರಿಗೆ ದೊಡ್ಡ ಪರದೆಯಲ್ಲಿ ತೋರಿಸಿದಾಗ ಅವರು ಅಜ್ಜಿಯನ್ನು ನೋಡುವ ಮೊದಲು ಗೂಡನ್ನು ನೋಡಿ, "ಇದು ನಮ್ಮ ಮೂಡಣ ಗ್ವಾಡಿ" ಎಂದರು. ಫೈಲಿನ ಹೆಸರಿಗೆ ಅದನ್ನೂ ಸೇರಿಸಿದೆ.